ವ್ಯಾಗನ್‌ಗಳನ್ನು ಹಿಂದಿನಿಂದ ನೋಡಬೇಕು

ಅರವತ್ತರ ದಶಕದ ಅಮೆರಿಕನ್ ಸ್ಟೇಷನ್ ವ್ಯಾಗನ್ ಎಲ್ಲಿ ಕಂಡರೂ ನಾನು ಮೊದಲು ಹೋಗಿ ನಿಲ್ಲುವುದು ಅದರ ಹಿಂದೆ. ಮುಂಭಾಗ ಆ ವರ್ಷ ಅದೇ ಕಂಪನಿ ಮಾಡಿದ ಸೆಡಾನ್‌ದೇ. ಅದೇ ಬಾನೆಟ್, ಅದೇ ಗ್ರಿಲ್, ಅದೇ ಹೆಡ್‌ಲೈಟ್, ಒಳಗೆ ಅದೇ ಇಂಜಿನ್. ಮುಂದಿನ ಬಾಗಿಲು ದಾಟಿದ ಮೇಲೆ ಗಾಡಿ ಬೇರೆಯಾಗುತ್ತದೆ. ಛಾವಣಿ ಹಿಂದಿನ ತುದಿಯವರೆಗೂ ಓಡುತ್ತದೆ, ಪಕ್ಕದಲ್ಲಿ ಉದ್ದನೆಯ ಗಾಜು, ಕೊನೆಗೆ ಒಂದು ದೊಡ್ಡ ಹಿಂಬಾಗಿಲು. ಈ ಹಿಂದಿನ ಅರ್ಧವನ್ನು ಓದಲು ಬಂದರೆ ಗಾಡಿ ಯಾವುದು, ಯಾವ ವರ್ಷದ್ದು, ಯಾರಾದರೂ ಅದಕ್ಕೆ ಇನ್ನೊಂದರ ವೇಷ ಹಾಕಿದ್ದಾರಾ ಅನ್ನೋದೆಲ್ಲ ತಿಳಿಯುತ್ತದೆ. ಇದು ಸುಮ್ನೆ ಹೊತ್ತು ಕಳೆಯುವ ಹವ್ಯಾಸ ಅಂತ ಕೆಲವರಿಗೆ ಅನ್ನಿಸಬಹುದು. ಒಂದು ಗಾಡಿ ಇಟ್ಟುಕೊಂಡವರಿಗೆ ಇದರ ಬೆಲೆ ಗೊತ್ತು. ವರ್ಷ ಒಂದು ತಪ್ಪಿದರೂ ತರಿಸಿದ ಪಾರ್ಟ್ ಕೂರುವುದಿಲ್ಲ, ಮತ್ತು ವ್ಯಾಗನ್‌ನ ಹಿಂದಿನ ಪಾರ್ಟುಗಳನ್ನು ಈಗ ಹೊಸದಾಗಿ ಮಾಡುವವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ನಮ್ಮ ಕಡೆ ತೊಂಬತ್ತರ ದಶಕದ ಟಾಟಾ ಎಸ್ಟೇಟ್ ನೋಡಿದವರಿಗೆ ಆಕಾರದ ಅಂದಾಜು ಇರುತ್ತದೆ. ಆದರೆ ಇವುಗಳ ಅಳತೆಯೇ ಬೇರೆ. ನನ್ನ ಹತ್ತಿರ ಇರುವ 1966ರ ಫೋರ್ಡ್‌ನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆಯೇ 119 ಇಂಚು, ಅಂದರೆ ಮೂರು ಮೀಟರ್. ಒಟ್ಟು ಉದ್ದ ಐದು ಮೀಟರ್ ದಾಟುತ್ತದೆ. ಇಂಥ ಗಾಡಿ ಯಾಕೆ ಬೇಕಾಯಿತು ಅಂದರೆ, ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಮಧ್ಯಮ ವರ್ಗ ಊರ ಹೊರಗಿನ ಬಡಾವಣೆಗಳಿಗೆ ಹೋಯಿತು. ಮನೆ ತುಂಬ ಮಕ್ಕಳು. 1956ರಲ್ಲಿ ಇಂಟರ್‌ಸ್ಟೇಟ್ ಹೆದ್ದಾರಿಗಳ ಕಾನೂನು ಬಂತು, ರಸ್ತೆಗಳು ಬಂದವು, ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ದೇಶ ಸುತ್ತಲು ಹೊರಟರು. ದಿನಸಿ, ನಾಯಿ, ಟೆಂಟು, ಅಜ್ಜಿ ಎಲ್ಲ ಅದರಲ್ಲೇ.

ಅಷ್ಟು ದುಡಿದದ್ದಕ್ಕೇ ಅವು ಉಳಿಯಲಿಲ್ಲ. ಕನ್ವರ್ಟಿಬಲ್ ಕೊಂಡವರು ಅದನ್ನು ಗ್ಯಾರೇಜಿನಲ್ಲಿ ಮುಚ್ಚಿಟ್ಟು ಭಾನುವಾರ ಹೊರಗೆ ತೆಗೆದರು. ವ್ಯಾಗನ್ ದಿನಾ ಓಡಿತು, ಮಕ್ಕಳು ಅದರಲ್ಲಿ ವಾಂತಿ ಮಾಡಿದರು, ಒದ್ದೆ ಸಾಮಾನು ಹೇರಿದರು, ಕೊನೆಗೆ ಕಾಲೇಜಿಗೆ ಹೋಗುವ ಮಗನ ಕೈಗೆ ಬಂದು ಅಲ್ಲಿಂದ ಗುಜರಿಗೆ ಹೋಯಿತು. ಗಾಡಿಗಳನ್ನು ಗುದ್ದಿಸಿ ಆಡುವ ಡಿಮಾಲಿಷನ್ ಡರ್ಬಿಗಳಿಗೂ ಇವೇ ಇಷ್ಟ, ಯಾಕಂದರೆ ಹಿಂದೆ ಅಷ್ಟುದ್ದ ತಗಡು ಇದೆ, ಎಷ್ಟು ಗುದ್ದಿದರೂ ತಡೆಯುತ್ತದೆ. ಅದನ್ನು ನೋಡಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. 1984ರ ಮಾಡೆಲ್ ಆಗಿ ಕ್ರೈಸ್ಲರ್‌ನ ಮಿನಿವ್ಯಾನ್ ಬಂದ ಮೇಲೆ ಮನೆಯವರಿಗೂ ವ್ಯಾಗನ್ ಬೇಡವಾಯಿತು.

ನನ್ನದು ಕಂಟ್ರಿ ಸೆಡಾನ್. ಆಗ ಫೋರ್ಡ್‌ನ ದೊಡ್ಡ ವ್ಯಾಗನ್‌ಗಳಲ್ಲಿ ಮೂರು ದರ್ಜೆ ಇದ್ದವು. ಕೆಳಗೆ ರ‍್ಯಾಂಚ್ ವ್ಯಾಗನ್, ನಡುವೆ ಕಂಟ್ರಿ ಸೆಡಾನ್, ಮೇಲೆ ಪಕ್ಕದಲ್ಲಿ ಮರದ ಹಲಗೆಯಂತೆ ಕಾಣುವ ಕಂಟ್ರಿ ಸ್ಕ್ವೈರ್. ಮಾರುವವರು ಇದನ್ನು ಸ್ಕ್ವೈರ್ ಅಂತಲೇ ಮಾರಾಟಕ್ಕೆ ಇಟ್ಟಿದ್ದರು. ಪಕ್ಕಕ್ಕೆಲ್ಲ ಮರದ ಚಿತ್ರವಿರುವ ವಿನೈಲ್ ಹಾಳೆ, ಸುತ್ತ ತೆಳು ಬಣ್ಣದ ಫ್ರೇಮು, ದೂರದಿಂದ ನೋಡಿದರೆ ಏನೂ ಅನುಮಾನ ಬರುವುದಿಲ್ಲ. ನಾನು ಡ್ರೈವರ್ ಬಾಗಿಲು ತೆಗೆದು ಅದರ ಅಂಚಿನಲ್ಲಿರುವ ಚಿಕ್ಕ ಲೋಹದ ಪ್ಲೇಟು ಓದಿದೆ. ಮೊದಲ ಅಂಕೆ 6, ಅಂದರೆ 1966. ಆಮೇಲೆ ಯು, ಅಂದರೆ ಕೆಂಟಕಿಯ ಲೂಯಿವಿಲ್ ಕಾರ್ಖಾನೆ. ಆಮೇಲೆ 74. ಸ್ಕ್ವೈರ್ ಆಗಿದ್ದರೆ ಅಲ್ಲಿ 76 ಇಲ್ಲವೇ ಹಿಂದೆ ಹೆಚ್ಚಿನ ಸೀಟಿರುವ 78 ಇರಬೇಕಿತ್ತು. 72 ಮತ್ತು 74 ಕಂಟ್ರಿ ಸೆಡಾನ್‌ಗೆ, 71 ರ‍್ಯಾಂಚ್ ವ್ಯಾಗನ್‌ಗೆ. ಅದರ ಪಕ್ಕದ ಅಕ್ಷರ ಸಿ, 289 ಘನ ಇಂಚಿನ ವಿ8, ಸುಮಾರು 4.7 ಲೀಟರ್. ಅದೇ ಪ್ಲೇಟಿನಲ್ಲಿ ಬಣ್ಣ, ಸೀಟಿನ ಬಟ್ಟೆ, ತಯಾರಾದ ದಿನ, ಗೇರ್‌ಬಾಕ್ಸ್, ಆಕ್ಸಲ್ ಎಲ್ಲದಕ್ಕೂ ಒಂದೊಂದು ಸಂಕೇತ ಇದೆ. ಮಾರುವವರಿಗೆ ತೋರಿಸಿದೆ. ಪಾಪ, ಅವರೂ ಸ್ಕ್ವೈರ್ ಅಂತ ನಂಬಿಯೇ ಹಿಂದಿನವರಿಂದ ಕೊಂಡಿದ್ದರು. ರೇಟು ಇಳಿಯಿತು, ನಾನು ತಗೊಂಡೆ.

ತಗೊಂಡ ಮೇಲೆ ಆ ವಿನೈಲ್ ಕಿತ್ತುಬಿಟ್ಟೆ. ಸ್ನೇಹಿತರು ಬೇಡ ಅಂದರು. ಮರ ಇದ್ದರೆ ಚೆನ್ನಾಗಿ ಕಾಣುತ್ತದೆ, ಬೆಲೆಯೂ ಜಾಸ್ತಿ ಅಂದರು. ಎರಡೂ ನಿಜ. ಆದರೂ ಕಂಟ್ರಿ ಸೆಡಾನ್ ಆಗಿ ಹುಟ್ಟಿದ್ದು ಕಂಟ್ರಿ ಸೆಡಾನ್ ಆಗಿಯೇ ಇರಬೇಕು ಅಂತ ನನ್ನ ಹಟ. ಮರದ ಪಟ್ಟಿಗೆ ಹೆಚ್ಚು ದುಡ್ಡು ಕೊಡಲು ಆಗದ ಮನೆಯವರು ಇದನ್ನು ಆರಿಸಿ ಕೊಂಡಿದ್ದಾರೆ, ಆ ಆಯ್ಕೆಯೂ ಆ ಕಾಲದ ಒಂದು ಸತ್ಯ ಅಲ್ವಾ? ಎಲ್ಲ ಸಾಧಾರಣ ಗಾಡಿಗಳಿಗೂ ಹೀಗೆ ಮರ ಅಂಟಿಸುತ್ತಾ ಹೋದರೆ ಮುಂದೆ ಬರುವವರಿಗೆ 1966ರಲ್ಲಿ ಅಮೆರಿಕದವರೆಲ್ಲ ಸ್ಕ್ವೈರ್‌ನಲ್ಲೇ ಓಡಾಡುತ್ತಿದ್ದರು ಅನ್ನಿಸುತ್ತದೆ.

ಹೀಟ್ ಗನ್ ಹಿಡಿದು ಒಂದು ಮೂಲೆ ಬಿಸಿ ಮಾಡಿದರೆ ಹಾಳೆ ಮೆತ್ತಗಾಗುತ್ತದೆ. ಪ್ಲಾಸ್ಟಿಕ್ ಉಜ್ಜುಗದಿಂದ ಅಂಚು ಎಬ್ಬಿಸಿ ನಿಧಾನವಾಗಿ ಎಳೆಯಬೇಕು. ಅವಸರ ಮಾಡಿದರೆ ಹಾಳೆ ಹರಿದು ಗೋಂದು ತಗಡಿನಲ್ಲೇ ಉಳಿಯುತ್ತದೆ. ಕೆಳಗಿನಿಂದ ತಿಳಿ ನೀಲಿ ಬಣ್ಣ ಬಂತು, ಬಿಸಿಲು ಕಾಣದೆ ಇದ್ದದ್ದರಿಂದ ಬಾಗಿಲಿನ ಮೇಲ್ಭಾಗಕ್ಕಿಂತ ಗಾಢವಾಗಿ. ಫ್ರೇಮು ಕೂರಿಸಲು ಹೊಡೆದ ತೂತುಗಳು ಸಾಲಾಗಿ ಕಂಡವು. ಅವು ಕಾರ್ಖಾನೆಯ ತೂತುಗಳಲ್ಲ ಅಂತ ನೋಡಿದ ಕೂಡಲೇ ಹೇಳಬಹುದಿತ್ತು. ಒಂದಕ್ಕೂ ಇನ್ನೊಂದಕ್ಕೂ ಅಂತರ ಸರಿಯಿಲ್ಲ, ಅಂಚಿನಲ್ಲಿ ತಗಡು ಹಲ್ಲುಹಲ್ಲಾಗಿ ಎದ್ದಿದೆ, ಡ್ರಿಲ್ಲು ಬಣ್ಣ ಕಿತ್ತ ಜಾಗದಿಂದ ತುಕ್ಕು ಉಂಗುರವಾಗಿ ಹರಡಿದೆ. ಮೊದಲಿದ್ದ ಹೆಸರಿನ ಅಕ್ಷರಗಳ ತೂತಿಗೆ ಪುಟ್ಟಿ ತುಂಬಿದ್ದರು. ಪ್ಲೇಟು ಹೇಳಿದ್ದನ್ನೇ ತಗಡೂ ಹೇಳಿತು.

ಮರದ ವಿಷಯ ಬಂದಾಗ ಒಂದು ಮಾತು. ಸ್ಕ್ವೈರ್‌ನ ಮರ ಮೊದಲು ನಿಜವಾದ ಮರವೇ. ಮಿಶಿಗನ್‌ನ ಉತ್ತರದಲ್ಲಿ ಐರನ್ ಮೌಂಟನ್ ಅನ್ನುವ ಊರಿನ ಪಕ್ಕ ಫೋರ್ಡ್‌ನವರ ಸ್ವಂತ ಮರದ ಕಾರ್ಖಾನೆ ಇತ್ತು, ಸುತ್ತ ಅವರದೇ ಕಾಡು. ವ್ಯಾಗನ್‌ಗಳ ಮರದ ಮೈ ಅಲ್ಲಿ ತಯಾರಾಗುತ್ತಿತ್ತು. ಉಳಿದ ಮರದ ಚೂರುಗಳನ್ನು ಸುಟ್ಟು ಇದ್ದಿಲು ಮಾಡಿ ಮಾರಿದರು. ಅಮೆರಿಕದಲ್ಲಿ ಹಿತ್ತಲಲ್ಲಿ ಗ್ರಿಲ್ ಹಚ್ಚುವವರು ಇವತ್ತಿಗೂ ಕೊಳ್ಳುವ ಕಿಂಗ್ಸ್‌ಫರ್ಡ್ ಇದ್ದಿಲಿನ ಮೂಲ ಅದೇ. ಮರದ ಮೈಗೆ ಪ್ರತಿ ವರ್ಷ ವಾರ್ನಿಷ್ ಬೇಕು, ನೀರು ಇಳಿದರೆ ಕೊಳೆಯುತ್ತದೆ. ಹಾಗಾಗಿ ಐವತ್ತರ ದಶಕದ ಶುರುವಿನಲ್ಲಿ ಮೈ ಪೂರ್ತಿ ಉಕ್ಕಿನದಾಯಿತು, ಮರದ ಜಾಗಕ್ಕೆ ಡೈ-ನಾಕ್ ಅನ್ನುವ ಮುದ್ರಿತ ಹಾಳೆ ಬಂತು. ಅರವತ್ತರ ದಶಕದ ಯಾವ ಸ್ಕ್ವೈರ್‌ನಲ್ಲೂ ಹೊರಗೆ ಮರ ಇಲ್ಲ.

ಗುರುತು ಹಿಡಿಯುವ ಕೆಲಸ ಫೋಟೋದಲ್ಲಿ ಇನ್ನೂ ಕಷ್ಟ, ಇನ್ನೂ ಖುಷಿ. ಅಮೆರಿಕದ ನಮ್ಮ ಕನ್ನಡ ಕೂಟದಲ್ಲಿ ಪರಿಚಯವಾದ ಒಬ್ಬ ಹಿರಿಯ ಆಂಟಿ ಇದ್ದಾರೆ. 1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾದ ಮೇಲೆ ನಮ್ಮ ಡಾಕ್ಟರುಗಳು, ಇಂಜಿನಿಯರುಗಳು ಇಲ್ಲಿಗೆ ಬರತೊಡಗಿದರಲ್ಲ, ಆ ಕಾಲದವರು. ನನಗೆ ವ್ಯಾಗನ್ ಹುಚ್ಚು ಅಂತ ಕೇಳಿ ಒಂದು ದಿನ ಮನೆಗೆ ಕರೆದರು. ಆಲ್ಬಮ್ ತೆಗೆದು ಒಂದು ಫೋಟೋದ ಮೇಲೆ ಬೆರಳಿಟ್ಟರು.

"ಇದ್ಯಾವ ಕಾರು ಹೇಳಪ್ಪ. ನಮ್ಮನೆಯವರು ಇದ್ದಿದ್ರೆ ಅವರನ್ನೇ ಕೇಳ್ತಿದ್ದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು ಅಷ್ಟೇ ಜ್ಞಾಪಕ."

ಫೋಟೋದಲ್ಲಿ ಅಂಕಲ್ ಕೋಟು ಹಾಕಿ ನಿಂತಿದ್ದಾರೆ, ಪಕ್ಕದಲ್ಲಿ ಇಬ್ಬರು ಮಕ್ಕಳು. ಗಾಡಿಯ ಹಿಂದಿನ ಅರ್ಧ ಮಾತ್ರ ಕಾಣುತ್ತದೆ, ಅದೂ ಓರೆಯಾಗಿ. ಹಿಂದಿನ ಪಕ್ಕದಲ್ಲಿ ಸೈಡ್ ಮಾರ್ಕರ್ ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇಲ್ಲ. ಅವು 1968ರಿಂದ ಕಡ್ಡಾಯ, ಹಾಗಾಗಿ ಗಾಡಿ ಅದಕ್ಕಿಂತ ಹಿಂದಿನದು. ಮುಂದಿನ ದೀಪ ಕಂಡಿದ್ದರೆ ಅದರ ಬಣ್ಣವೂ ಸಹಾಯಕ್ಕೆ ಬರುತ್ತಿತ್ತು, 1963ರಿಂದ ಮುಂದಿನ ಇಂಡಿಕೇಟರುಗಳು ಕಿತ್ತಳೆ ಹಳದಿಗೆ ತಿರುಗಿದವು. ಅಷ್ಟರಲ್ಲಿ ಛಾವಣಿ ನೋಡಿದೆ. ಎರಡನೇ ಸೀಟಿನ ಹತ್ತಿರ ಅದು ಸ್ವಲ್ಪ ಮೇಲಕ್ಕೆ ಎದ್ದಿದೆ, ಆ ಉಬ್ಬಿನ ಪಕ್ಕದಲ್ಲಿ ಸಣ್ಣ ಉದ್ದ ಗಾಜು.

"ಆಂಟಿ, ಮೇಲ್ಗಡೆ ಗಾಜು ಇತ್ತಾ?"

"ಅಯ್ಯೋ ಇತ್ತಲ್ಲ! ಮಕ್ಕಳು ಮಲ್ಕೊಂಡು ಮೋಡ ನೋಡ್ತಾ ಬರೋರು. ಬಿಸಿಲು ಅಂತ ನಾನು ಒಂದು ಟವಲ್ ಸಿಗಿಸ್ತಿದ್ದೆ ಅಲ್ಲಿ."

ಅಲ್ಲಿಗೆ ಉಳಿದದ್ದು ಎರಡೇ. 1964ರಲ್ಲಿ ಜನರಲ್ ಮೋಟಾರ್ಸ್ ಛಾವಣಿಯಲ್ಲಿ ಗಾಜಿಟ್ಟ ಎರಡು ವ್ಯಾಗನ್ ತಂದಿತ್ತು, ಓಲ್ಡ್ಸ್‌ಮೊಬೈಲ್ ವಿಸ್ಟಾ ಕ್ರೂಸರ್ ಮತ್ತು ಬ್ಯೂಯಿಕ್ ಸ್ಪೋರ್ಟ್ ವ್ಯಾಗನ್. ಗ್ರೇಹೌಂಡ್ ಅನ್ನುವ ಬಸ್ ಕಂಪನಿಯ ಸೀನಿಕ್ರೂಸರ್ ಬಸ್ಸಿನಂತೆಯೇ ಛಾವಣಿ ಎತ್ತರಿಸಿ, ಮಾಮೂಲಿ ವ್ಯಾಗನ್‌ಗಿಂತ ಚಕ್ರಗಳ ಅಂತರವನ್ನು ಐದು ಇಂಚು ಹೆಚ್ಚಿಸಿ 120 ಇಂಚು ಮಾಡಿದ್ದರು. ಹೀಗಾಗಿ ಮೂರನೇ ಸೀಟಿನ ಮಕ್ಕಳೂ ಮುಂದಕ್ಕೆ ಮುಖಮಾಡಿ ಕೂರಬಹುದಿತ್ತು. ಫೋಟೋದಲ್ಲಿ ಹಿಂಬಾಗಿಲಿನ ಅಕ್ಷರಗಳನ್ನು ಮಗುವಿನ ತಲೆ ಅರ್ಧ ಮುಚ್ಚಿತ್ತು. ಲೆನ್ಸ್ ಹಿಡಿದು ನೋಡಿದಾಗ "ಮೊಬೈಲ್" ಅನ್ನುವಷ್ಟು ಓದಲು ಬಂತು. ವಿಸ್ಟಾ ಕ್ರೂಸರ್ ಆಂಟಿ, ಅಂದೆ. ಆಂಟಿ ಆ ಹೆಸರನ್ನು ಫೋಟೋದ ಹಿಂದೆ ಪೆನ್ನಲ್ಲಿ ಬರೆಸಿಕೊಂಡರು, ಕನ್ನಡದಲ್ಲೇ.

ಎಲ್ಲವೂ ಇಷ್ಟು ಸುಲಭ ಇಲ್ಲ. ಷೆವ್ರೊಲೆ ಹೆಸರುಗಳು ಹೊಸಬರ ತಲೆ ತಿರುಗಿಸುತ್ತವೆ. 1961ರವರೆಗೆ ಅವರ ದೊಡ್ಡ ವ್ಯಾಗನ್‌ಗಳಿಗೆ ಬ್ರೂಕ್‌ವುಡ್, ಪಾರ್ಕ್‌ವುಡ್, ಕಿಂಗ್ಸ್‌ವುಡ್, ನೊಮ್ಯಾಡ್ ಅಂತ ಬೇರೆಯೇ ಹೆಸರು. 1962ರಲ್ಲಿ ಅವನ್ನೆಲ್ಲ ಬಿಟ್ಟು ಸೆಡಾನ್‌ಗಳ ಹೆಸರನ್ನೇ ಇಟ್ಟರು, ಬಿಸ್ಕೇನ್, ಬೆಲ್ ಏರ್, ಇಂಪಾಲಾ. 1969ಕ್ಕೆ ಮತ್ತೆ ಬ್ರೂಕ್‌ವುಡ್, ಕಿಂಗ್ಸ್‌ವುಡ್ ವಾಪಸ್ ಬಂದವು, ಜೊತೆಗೆ ಟೌನ್ಸ್‌ಮನ್. ಹಾಗಾಗಿ ಯಾರಾದರೂ "ನನ್ನ ಹತ್ತಿರ ಬ್ರೂಕ್‌ವುಡ್ ಇದೆ" ಅಂದರೆ ಅದು 60ರದ್ದೋ 69ರದ್ದೋ ಅಂತ ಕೇಳಲೇಬೇಕು, ಎರಡಕ್ಕೂ ಏನೇನೂ ಸಂಬಂಧ ಇಲ್ಲ. ಆದರೆ ಅರವತ್ತರ ದಶಕದ ನಡುವಿನ ಷೆವ್ರೊಲೆಯಲ್ಲಿ ಕಾರ್ಖಾನೆ ಗಾಡಿಗೆ ಹಾಕಿದ ನಂಬರ್ ಮಾತ್ರ ಬಹಳ ಅಚ್ಚುಕಟ್ಟು. 1965ರ ನಂಬರು 164 ಅಂತ ಶುರುವಾದರೆ ವಿ8 ಇರುವ ಇಂಪಾಲಾ. ಮುಂದಿನ ಎರಡು ಅಂಕೆ 35 ಆದರೆ ಎರಡು ಸಾಲು ಸೀಟಿನ ವ್ಯಾಗನ್, 45 ಆದರೆ ಮೂರು ಸಾಲಿನದು. 37, 39, 67 ಕಂಡರೆ ಅದು ವ್ಯಾಗನ್ ಆಗಿ ಹುಟ್ಟಿದ್ದೇ ಅಲ್ಲ. ಎಲ್ಲ ಕಂಪನಿಯವರೂ ನಂಬರನ್ನು ಮುಂದಿನ ಗಾಜಿನಿಂದ ಕಾಣುವಂತೆ ಡ್ಯಾಷ್‌ಬೋರ್ಡ್ ಮೇಲೆ ಇಡತೊಡಗಿದ್ದು 1968ರ ಸುಮಾರಿಗೆ. ಅದಕ್ಕಿಂತ ಹಳೆಯದಕ್ಕೆ ಹೆಚ್ಚಾಗಿ ಬಾಗಿಲು ತೆಗೆಸಿಯೇ ನೋಡಬೇಕು.

ಇನ್ನೊಂದು ತಿಳಿದಿರಲಿ. 1965ರಿಂದ 69ರವರೆಗೆ ಬ್ಯೂಯಿಕ್‌ನವರು ತಮ್ಮ ಅತಿ ದೊಡ್ಡ ಮೈಯಲ್ಲಿ ವ್ಯಾಗನ್ ಮಾಡಲೇ ಇಲ್ಲ, ಓಲ್ಡ್ಸ್‌ಮೊಬೈಲ್‌ನವರೂ ಹಾಗೇ. 67ರ ಬ್ಯೂಯಿಕ್ ಲಸೇಬರ್ ವ್ಯಾಗನ್ ಅಂತ ಯಾರಾದರೂ ಮಾರಲು ಬಂದರೆ ಅಂಥದ್ದೊಂದು ಕಾರ್ಖಾನೆಯಿಂದ ಹೊರಬಂದಿಲ್ಲ.

ನನಗೆ ತುಂಬ ಇಷ್ಟವಾದ ಹಿಂಭಾಗ ಸ್ಟುಡಿಬೇಕರ್ ವ್ಯಾಗನೇರ್‌ದು. 1963ರ ಮಾಡೆಲ್, ವಿನ್ಯಾಸ ಬ್ರೂಕ್ಸ್ ಸ್ಟೀವನ್ಸ್ ಅವರದು. ಛಾವಣಿಯ ಹಿಂದಿನ ಭಾಗವೇ ಮುಂದಕ್ಕೆ ಜಾರುತ್ತದೆ. ಫ್ರಿಜ್ಜನ್ನು ನಿಲ್ಲಿಸಿಯೇ ತರಬಹುದು. ಮಳೆ ಬಂದರೆ ಸೋರುತ್ತಿತ್ತು ಅನ್ನುವುದು ಆಗಿನಿಂದಲೂ ಇದ್ದ ದೂರು. ಆದರೂ ಎಂಥ ಧೈರ್ಯದ ಯೋಚನೆ! ಕಂಪನಿ ಆಗಲೇ ಮುಳುಗುತ್ತಿತ್ತು. ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಕಾರು ತಯಾರಿಕೆ 1963ರ ಡಿಸೆಂಬರ್‌ನಲ್ಲಿ ನಿಂತಿತು, ಕೆನಡಾದ ಹ್ಯಾಮಿಲ್ಟನ್‌ನಲ್ಲಿ 1966ರ ಮಾರ್ಚ್‌ವರೆಗೆ ಎಳೆದರು, ಅಷ್ಟೇ. ಷೆವ್ರೊಲೆ ಕಾರ್ವೇರ್ ಲೇಕ್‌ವುಡ್ ಕೂಡ ಹೀಗೇ ವಿಚಿತ್ರ. ಇಂಜಿನ್ ಹಿಂದೆ, ಸಾಮಾನು ಇಡುವ ನೆಲದ ಕೆಳಗೆ. ಮುಂದೆ ಬಾನೆಟ್ ಎತ್ತಿದರೆ ಅಲ್ಲಿ ಇನ್ನೊಂದು ಡಿಕ್ಕಿ.

1965 ಮತ್ತು 66ರ ಫೋರ್ಡ್‌ಗಳನ್ನು ಮುಂದಿನಿಂದ ಜನ ಅದಲುಬದಲು ಮಾಡುತ್ತಾರೆ. ಎರಡರಲ್ಲೂ ಹೆಡ್‌ಲೈಟ್ ಒಂದರ ಮೇಲೊಂದು. (ಅದೇ ಕಾಲದ ಪಾಂಟಿಯಾಕ್, ಪ್ಲಿಮತ್ ಫ್ಯೂರಿ, ರ‍್ಯಾಂಬ್ಲರ್‌ನವರ ಅಂಬಾಸಡರ್‌ಗಳಲ್ಲೂ ಹಾಗೇ, ಆದ್ದರಿಂದ ಹೆಡ್‌ಲೈಟ್ ಒಂದನ್ನೇ ನಂಬಬೇಡಿ.) ವ್ಯಾಗನ್ ಆದರೆ ಹಿಂದೆ ಹೋದರೆ ಸಾಕು. 65ರ ಹಿಂಬಾಗಿಲು ಕೆಳಗೆ ಮಾತ್ರ ಬೀಳುತ್ತದೆ. 66ರಲ್ಲಿ ಫೋರ್ಡ್ ಮ್ಯಾಜಿಕ್ ಡೋರ್‌ಗೇಟ್ ತಂದಿತು. ಒಂದೇ ಬಾಗಿಲು, ಬೇಕಾದರೆ ಕೆಳಕ್ಕೆ ಬಿದ್ದು ಹಲಗೆಯಾಗುತ್ತದೆ, ಬೇಕಾದರೆ ಎಡಕ್ಕೆ ತಿರುಗಿ ಮಾಮೂಲಿ ಬಾಗಿಲಾಗುತ್ತದೆ. ಫೋರ್ಡ್‌ನದೇ ಮಸ್ಟಾಂಗ್ ಕಾರಿನ ಯೋಜನೆಯಲ್ಲಿದ್ದ ಇಂಜಿನಿಯರ್ ಡೊನಾಲ್ಡ್ ಫ್ರೇ ಹೆಸರು ಇದರ ಜೊತೆಗೂ ಕೇಳಿಬರುತ್ತದೆ. ಜಾಣತನ ಇರುವುದು ಎಡ ಕೆಳ ಮೂಲೆಯ ಹಿಂಜ್‌ನಲ್ಲಿ. ಬಾಗಿಲು ಕೆಳಗೆ ಬಿದ್ದಾಗಲೂ ಪಕ್ಕಕ್ಕೆ ತಿರುಗಿದಾಗಲೂ ಭಾರ ಹೊರುವುದು ಅದೊಂದೇ. ಉಳಿದ ಮೂಲೆಗಳು ಸರದಿಯಲ್ಲಿ ಬಿಡುತ್ತವೆ, ಹಿಡಿಯುತ್ತವೆ. ಪಕ್ಕಕ್ಕೆ ತೆಗೆಯುವ ಮೊದಲು ಗಾಜು ಕೆಳಗಿಳಿಸಬೇಕು. ಗಾಜು ಏರಿಸಿಕೊಂಡೇ ಪಕ್ಕಕ್ಕೆ ತೆಗೆಯಬಹುದಾದ ಬಾಗಿಲು ಬಂದದ್ದು 69ರಲ್ಲಿ. ಹಳೆ ಗಾಡಿಗಳಲ್ಲಿ ಆ ಎಡ ಕೆಳ ಹಿಂಜ್ ಸವೆದಿರುತ್ತದೆ. ಬಾಗಿಲನ್ನು ಅರ್ಧ ತಿರುಗಿಸಿ ತುದಿ ಹಿಡಿದು ಮೇಲಕ್ಕೆ ಎತ್ತಿ ನೋಡಿ, ಅಲ್ಲಾಡಿದರೆ ದುಡ್ಡು ಕೈಬಿಡುವ ಜಾಗ ಅದೇ. ಬಾಗಿಲಿನ ತಳದಲ್ಲಿ ನೀರು ಹೋಗುವ ತೂತುಗಳಿವೆ. ಎಲೆ, ಧೂಳು ಕಟ್ಟಿಕೊಂಡರೆ ಗಾಜಿನ ಪಕ್ಕದಿಂದ ಇಳಿದ ನೀರು ಒಳಗೇ ನಿಂತು, ಹೊರಗೆ ಬಣ್ಣ ಫಳಫಳ ಅನ್ನುತ್ತಿರುವಾಗಲೇ ತಳ ತಿಂದುಹಾಕಿರುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಶಿಗನ್, ಒಹಾಯೊದಂಥ ಕಡೆ ಕೇಳುವುದೇ ಬೇಡ.

ಹಿಂದಿನ ಗಾಜಿನ ಬಗ್ಗೆ ಇನ್ನೊಂದು ಮಾತು, ಇದನ್ನು ಎಲ್ಲರಿಗೂ ಹೇಳುತ್ತೇನೆ. ಓಡುವಾಗ ಅದನ್ನು ಇಳಿಸಬೇಡಿ. ಚೌಕ ಹಿಂಭಾಗದ ಗಾಡಿ ವೇಗವಾಗಿ ಹೋದಾಗ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸೈಲೆನ್ಸರ್ ಹೊಗೆ ಅಲ್ಲೇ ಸುತ್ತುತ್ತದೆ. ಗಾಜು ಇಳಿದಿದ್ದರೆ ಅದು ನೇರ ಒಳಗೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಹಿಂದೆ ಕೂತಿರುವುದು ಮಕ್ಕಳು. ನನ್ನ ಗಾಡಿಯಲ್ಲಿ ಎದುರುಬದುರು ಕೂರುವ ಎರಡು ಪುಟ್ಟ ಸೀಟು ಇವೆ, ಮಕ್ಕಳಿಗೆ ಅದೇ ಸ್ವರ್ಗ. ನಿಂತ ಗಾಡಿಯಲ್ಲಿ ಎಷ್ಟು ಹೊತ್ತು ಬೇಕಾದರೂ ಆಡಲಿ. ರಸ್ತೆಗೆ ಹೊರಟರೆ ಅಲ್ಲಿ ಯಾರನ್ನೂ ಕೂರಿಸುವುದಿಲ್ಲ.

ಬ್ರೇಕು ಕೂಡ ಹಾಗೇ ಗಂಭೀರ ವಿಷಯ. 66ರ ಫೋರ್ಡ್‌ನಲ್ಲಿ ಚಕ್ರಗಳಿಗೆ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ಒಂದೇ ಕೋಣೆ. ಒಂದು ಚಕ್ರದ ಹತ್ತಿರ ಪೈಪು ಸೋರಿದರೆ ನಾಲ್ಕೂ ಚಕ್ರದ ಬ್ರೇಕು ಹೋಯಿತು. 67ರ ಗಾಡಿಗಳಿಂದ ಮುಂದಿನದಕ್ಕೆ ಬೇರೆ, ಹಿಂದಿನದಕ್ಕೆ ಬೇರೆ. ನಾನು ಗಾಡಿ ಮನೆಗೆ ತಂದು ಮೊದಲು ಮಾಡಿಸಿದ ಕೆಲಸ ಅದನ್ನು ಎರಡು ಕೋಣೆಯದಕ್ಕೆ ಬದಲಾಯಿಸಿದ್ದು. ಮೂಲದಂತೆ ಇರಲಿ ಅನ್ನುವ ನನ್ನ ಹಟ ಇಲ್ಲಿ ನಿಲ್ಲುತ್ತದೆ. ಪೆಟ್ರೋಲ್ ಹೋಸ್‌ಗಳನ್ನೂ ಬದಲಾಯಿಸಿದೆ, ಈಗಿನ ಪೆಟ್ರೋಲಿನ ಎಥನಾಲ್ ಹಳೆ ರಬ್ಬರ್ ತಿನ್ನುತ್ತದೆ. ಲೀಟರಿಗೆ ಐದಾರು ಕಿಲೋಮೀಟರ್ ಬಂದರೆ ಹೆಚ್ಚು. ಓಡಿಸಲು ಮಾತ್ರ ಆರಾಮ. 65ರಿಂದ ದೊಡ್ಡ ಫೋರ್ಡ್‌ಗಳಿಗೆ ಹಿಂದೆಯೂ ಕಾಯಿಲ್ ಸ್ಪ್ರಿಂಗ್ ಬಂತಲ್ಲ, ರಸ್ತೆಯ ಹಳ್ಳ ಮೈಗೆ ತಟ್ಟುವುದಿಲ್ಲ.

ಈಗ ಒಬ್ಬ ಗೆಳೆಯನಿಗೆ ವ್ಯಾಗನ್ ಬೇಕಂತೆ. ಅವನಿಗೆ ಮರದ್ದೇ ಆಸೆ, ನಾನು ಅವನನ್ನು ರ‍್ಯಾಂಚ್ ವ್ಯಾಗನ್ ಕಡೆ ಎಳೆಯುತ್ತಿದ್ದೇನೆ. ಆ ಗಾಡಿಯನ್ನು ಯಾರೂ ಜೋಪಾನ ಮಾಡಲಿಲ್ಲ, ಹಾಗಾಗಿ ಒಳ್ಳೆಯದು ಸಿಗುವುದೇ ಅಪರೂಪ. ಒಹಾಯೊದಲ್ಲಿ ಒಂದು ಮಾರಾಟಕ್ಕಿದೆ, 66ರದ್ದು ಅಂತಾರೆ. ಹಾಕಿರುವ ಫೋಟೋಗಳೆಲ್ಲ ಮುಂದಿನಿಂದ ತೆಗೆದವು. ಹಿಂಬಾಗಿಲು ತೆರೆದು ಎರಡು, ಡ್ರೈವರ್ ಬಾಗಿಲಿನ ಅಂಚಿನ ಪ್ಲೇಟಿನದು ಒಂದು ಕಳಿಸಿ ಅಂತ ಅವರಿಗೆ ಬರೆದಿದ್ದೇನೆ. ಅದರಲ್ಲಿ 71 ಇದ್ದರೆ ಈ ವಾರಾಂತ್ಯವೇ ಹೊರಡುತ್ತೇವೆ.